ತೊಮಾಸಾಳಿಗೆ ಬೇರೆ ಲೋಟ

8 ಜುಲೈ 1979, ಭಾನುವಾರ. ಬೆಳಿಗ್ಗೆ 5

ನಲ್ಲಿ ಇನ್ನೂ ಬರೀ ಗಾಳಿ ಉಗುಳುತ್ತಿದೆ. ಕೊಡ, ಬಕೆಟ್ಟು ಸಾಲಾಗಿಟ್ಟು ಮೆಟ್ಟಿಲ ಮೇಲೆ ಕೂತಿದ್ದೇನೆ. ನೀರು ಬರುವ ತನಕದ ಈ ಹೊತ್ತೊಂದೇ ನನ್ನ ಪಾಲಿನದು. ಆಮೇಲೆ ಅಮ್ಮನಿಗೆ ಮಡಿನೀರು, ತಮ್ಮ ಹರಿಹರನಿಗೆ ಕಾಫಿ, ಅವನ ಮಗಳು ಉಷಾಗೆ ಎರಡು ಜಡೆ. ಮನೆ ತುಂಬ ಜನ. ಮಾತಾಡುವುದಕ್ಕೆ ಈ ಡೈರಿ.

ನನ್ನ ಕನ್ನಡ ಭಾಷಾಂತರ ಐದನೇ ಅಧ್ಯಾಯಕ್ಕೆ ಬಂದಿದೆ. ಪುಸ್ತಕ ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು. ರಟ್ಟಿಲ್ಲ, ಬರೆದವರ ಹೆಸರಿಲ್ಲ, ಇಂಗ್ಲಿಷು ಚೆನ್ನಾಗಿದೆ. ಗೌಚೋಗಳ ಕಥೆ. ಅರ್ಜೆಂಟೀನಾದ ಬಯಲಿನಲ್ಲಿ ದನ ಅಟ್ಟಿಕೊಂಡು ಹೋಗುವ ಕುದುರೆ ಸವಾರರು. ಆ ಬಯಲಿಗೆ ಪಂಪಾ ಅಂತ ಹೆಸರು. ಓದಿದಾಗಲೆಲ್ಲ ನನಗೆ ಹಂಪಿ ಕಣ್ಣಿಗೆ ಬರುತ್ತದೆ, ಏನು ಮಾಡಲಿ.

ಕನ್ನಿಮಾರಾ ಲೈಬ್ರರಿಯಲ್ಲಿ ಇಂಥವೇ ಇನ್ನೆರಡು ಓದಿದ್ದೆ. ಎರಡರಲ್ಲೂ ಗಂಡಸು ಕುದುರೆ ಹತ್ತುತ್ತಾನೆ, ಹೆಂಗಸು ಬಾಗಿಲಲ್ಲಿ ನಿಲ್ಲುತ್ತಾಳೆ. ಪುಟ ತಿರುಗಿಸಿದರೆ ಅವನು ಎಲ್ಲೋ, ಅವಳು ಅಲ್ಲೇ. ಇದರಲ್ಲಿ ಮಾತ್ರ ತೊಮಾಸಾ ತಾನೇ ಹತ್ತುತ್ತಾಳೆ. ಗಂಡನನ್ನು ಸರ್ಕಾರದವರು ಗಡಿ ಕೋಟೆಗೆ ಎಳೆದುಕೊಂಡು ಹೋಗಿ ಎರಡು ವರ್ಷ. ಸುದ್ದಿ ಇಲ್ಲ. ಅತ್ತೆ ಮಲಗಿದ್ದಾಗ ಅವನ ಎರಡನೇ ಕುದುರೆಗೆ ಜೀನು ಬಿಗಿದು ಹೊರಟೇಬಿಡುತ್ತಾಳೆ... ಮೂರು ಸಲ ಓದಿದೆ. ಕೊನೆಗೆ ಗಂಡ ಸಿಗುತ್ತಾನೆ. ಆರಾಮಾಗಿದ್ದಾನೆ. ಇವಳನ್ನು ನೋಡಿ ಅವನು ಆಡುವ ಮೊದಲ ಮಾತು — ಮನೆ ಯಾರು ನೋಡಿಕೊಳ್ಳುತ್ತಿದ್ದಾರೆ? ತೊಮಾಸಾ ಉತ್ತರ ಕೊಡದೆ ಕುದುರೆ ತಿರುಗಿಸುತ್ತಾಳೆ. ಊರಿನ ಕಡೆಗಲ್ಲ.

ನೀರು ಬಂತು.

11 ಜುಲೈ

ಲಿಸ್ಟ್ ಬಂತು. ಪ್ರಮೋಷನ್ ಪರೀಕ್ಷೆ ಪಾಸು. ಆಫೀಸರ್! ಬ್ಯಾಂಕಿನಲ್ಲಿ ಕೈಕುಲುಕಿದರು, ಜಿಲೇಬಿ ತರಿಸಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಫರ್‌ಗೋ ತಾನೇ?"

ಫರ್‌ಗೋ ಅಂದರೆ ಪ್ರಮೋಷನ್ ಬೇಡ ಅಂತ ಬರೆದುಕೊಡುವುದು. ಆಫೀಸರ್ ಆದರೆ ಹಳ್ಳಿ ಕಡೆಗೆ ಟ್ರಾನ್ಸ್‌ಫರ್ ಖಂಡಿತ, ಆದ್ದರಿಂದ ಹೆಂಗಸರು ಪಾಸಾಗುತ್ತಾರೆ, ಜಿಲೇಬಿ ತಿನ್ನುತ್ತಾರೆ, ಬೇಡ ಅಂತ ಬರೆದುಕೊಡುತ್ತಾರೆ. ನಮ್ಮಲ್ಲಿ ಅದೊಂದು ಶಾಸ್ತ್ರ. 76ರಲ್ಲಿ ನಾನೂ ಮಾಡಿದೆ. ಹರಿಹರ ಮ್ಯಾನೇಜರ್ ಹತ್ತಿರ ಮೊದಲೇ ಹೇಳಿಬಿಟ್ಟಿದ್ದ, ನಾನು ಸಹಿ ಹಾಕಿದೆ ಅಷ್ಟೆ. ಈ ಸಲ ಸೆಪ್ಟೆಂಬರ್ ಮೂವತ್ತರ ತನಕ ಟೈಮ್ ಇದೆ. ಇದೇ ಕೊನೆಯ ಸಲ. ಎರಡು ಸಲ ಬೇಡ ಅಂದವರನ್ನು ಮತ್ತೆ ಕರೆಯುವುದಿಲ್ಲ.

14 ಜುಲೈ

ಊಟದ ಹೊತ್ತಿಗೆ ಹೇಳಿದೆ. ಹರಿಹರ ತಲೆ ಎತ್ತಲಿಲ್ಲ.

"ಹೋದ ಸಲದ ಹಾಗೇ ಬರ್ದು ಕೊಟ್ಬಿಡು ಅಕ್ಕ. ಮ್ಯಾನೇಜರ್‌ಗೆ ನಾನು ಹೇಳ್ತೀನಿ. ಎಲ್ಲಿಗೆ ಹಾಕ್ತಾರಂತೆ?"

"ರಾಮನಾಥಪುರಂ ಕಡೆ ಅಂತ ಮಾತು. ಮುದುಕುಳತ್ತೂರ್."

ಕಲಾವತಿ ಕೈಲಿದ್ದ ಸೌಟು ಹಾಗೇ ನಿಲ್ಲಿಸಿದಳು. ತಮ್ಮನ ಹೆಂಡತಿ. ಹುಟ್ಟಿದ್ದು ಬೆಳೆದದ್ದು ಇಲ್ಲೇ ಮಾಂಬಲಂನಲ್ಲಿ. "ಅಯ್ಯೋ ಅಕ್ಕಾ, ಅದು ತಣ್ಣಿ ಇಲ್ಲಾದ ಕಾಡು! ಯಾರ ಮೇಲಾದ್ರೂ ಕೋಪ ಬಂದ್ರೆ ಗೌರ್ಮೆಂಟೋರು ಅಲ್ಲಿಗೇ ಟ್ರಾನ್ಸ್‌ಫರ್ ಮಾತ್ತೋದು."

ನೀರಿಲ್ಲದ ಕಾಡು. ಬೆಳಿಗ್ಗೆ ಐದಕ್ಕೆ ಎದ್ದು ಟಿ. ನಗರದ ನಲ್ಲಿ ಮುಂದೆ ತಪಸ್ಸು ಮಾಡುವವಳಿಗೆ ಈ ಮಾತು. ನಗು ಬಂತು. ಯಾರೂ ನಗಲಿಲ್ಲವಾದ್ದರಿಂದ ನಾನೂ ನಗಲಿಲ್ಲ.

ಅಮ್ಮ ಮಾತ್ರ ಇನ್ನೊಂದು ತುತ್ತು ಮೊಸರನ್ನ ಕಲಸಿಕೊಂಡಳು. ನಾನು ಹೋಗುವುದಿಲ್ಲ ಅನ್ನುವುದು ಅವಳಿಗೆ ಅಷ್ಟು ಗ್ಯಾರಂಟಿ.

22 ಜುಲೈ

ಹೆಣಗಾಟ. ಈ ಗೌಚೋ ಜನ ಬೆಳಿಗ್ಗೆ ದನ ಸುಡುತ್ತಾರೆ, ಮಧ್ಯಾಹ್ನ ದನ ಸುಡುತ್ತಾರೆ, ಸಂಜೆ ಉಳಿದದ್ದು ತಿನ್ನುತ್ತಾರೆ. ಕನ್ನಡ ಸಂಘದಲ್ಲಿ ಓದಬೇಕಲ್ಲ? ಮುಂದಿನ ಸಾಲಲ್ಲಿ ಕೂರುವವರೆಲ್ಲ ಏಕಾದಶಿ ಜನ. "ಕೆಂಡದ ಮೇಲಿನ ಅಡುಗೆ" ಅಂತ ಬರೆದು ಪಾರಾದೆ.

ಇನ್ನೊಂದು ಅದಕ್ಕಿಂತ ಕಷ್ಟ. ಮಾತೇ ಅನ್ನುವ ಸೊಪ್ಪಿನ ಕಷಾಯ. ಸಣ್ಣ ಸೋರೆ ಬುರುಡೆಯಲ್ಲಿ ಬಿಸಿನೀರು ಹುಯ್ದು, ಲೋಹದ ಕೊಳವೆ ಇಟ್ಟು ಹೀರುವುದು. ಬೆಂಕಿ ಸುತ್ತ ಕೂತವರೆಲ್ಲ ಒಂದೇ ಬುರುಡೆ, ಒಂದೇ ಕೊಳವೆ! ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ. ಓದುವಾಗಲೇ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಏಳನೇ ಅಧ್ಯಾಯದಲ್ಲಿ, ನೆರೆ ಬಂದ ಹೊಳೆಯಲ್ಲಿ ತೊಮಾಸಾ ಕುದುರೆ ಇಳಿಸಿ ದನಗಳನ್ನು ತಿರುಗಿಸಿದ ಮೇಲೆ, ಅವಳಿಗೂ ಆ ಬುರುಡೆ ಬರುತ್ತದೆ.

ಯೋಚಿಸಿ ಒಂದು ದಾರಿ ಮಾಡಿದೆ. "ಅವಳಿಗೆಂದು ಬೇರೊಂದು ಲೋಟ ತೊಳೆದು ತಂದು ಗೌರವದಿಂದ ಕೊಟ್ಟರು." ಅರ್ಥ ಅದೇ. ಅವಳನ್ನು ಅವರು ಮೆಚ್ಚಿದರು ಅಂತ ತಾನೇ.

ನನಗೇ ಒಂದು ಬೇರೆ ಲೋಟ ಇದೆ. ಮೊದಲ ಸಂಬಳದಲ್ಲಿ ಅಮ್ಮ ಕೊಡಿಸಿದ ಬೆಳ್ಳಿ ಲೋಟ, ಹೆಸರು ಕೊರೆಸಿದ್ದಾಳೆ — ಜಲಜಾಕ್ಷಿ. ಊರು ಸುತ್ತಿ, ಬಸ್ಸಲ್ಲಿ ನಾನಾ ಜನರನ್ನು ಮುಟ್ಟಿ ಬರುವವಳು ಅಂತ ಅದು ಅಡುಗೆಮನೆಯ ಹೊರಗೆ, ಕಿಟಕಿ ಪಕ್ಕದ ಗೂಡಿನಲ್ಲಿರುತ್ತದೆ. ಬೇರೆ ಯಾರೂ ಅದರಲ್ಲಿ ಕುಡಿಯುವುದಿಲ್ಲ. ಮನೆಗೆ ದುಡಿಯುವವಳಿಗೆ ಅಷ್ಟಾದರೂ ಮರ್ಯಾದೆ ಬೇಡವೇ.

29 ಜುಲೈ, ಭಾನುವಾರ

ಸಂಘದಲ್ಲಿ ಓದಿದೆ. ಏಳನೇ ಅಧ್ಯಾಯ. ಮೊದಲ ಪುಟ ಮುಂದಿನ ಸಾಲಿನವರ ಮುಖ ನೋಡಿಕೊಂಡೇ ಓದಿದೆ. ಆಮೇಲೆ ಹೊಳೆ ಬಂತು, ಕುದುರೆ ಬಂತು, ಮರೆತೆ.

ಕಾರ್ಯದರ್ಶಿ ವಿಶ್ವನಾಥ ಅವರು ರೈಲ್ವೆಯಲ್ಲಿ ರಿಟೈರ್ ಆದವರು. ಕಣ್ಣಲ್ಲಿ ನೀರು. "ಏನಮ್ಮಾ ಜಲಜಾಕ್ಷಿ, ದನ ಕಾಯೋ ಜನ, ಆದ್ರೂ ಹೆಣ್ಣುಮಗಳಿಗೆ ಬೇರೆ ಲೋಟ ತೊಳೆದು ಕೊಟ್ರು ನೋಡಿ! ಅದು ಕಲ್ಚರ್." ಹೆಂಗಸರೆಲ್ಲ ಹೌದೌದು ಅಂದರು. ರಾಜ್ಯೋತ್ಸವದ ಸಂಚಿಕೆಗೆ ಈ ಅಧ್ಯಾಯ ಹಾಕುತ್ತಾರಂತೆ. ನನ್ನ ಹೆಸರು ಅಚ್ಚಲ್ಲಿ!

ಮನೆಯಿಂದ ಯಾರೂ ಬಂದಿರಲಿಲ್ಲ. ಟಿವಿಯಲ್ಲಿ ಸಿನಿಮಾ ಇತ್ತು. ವಾಪಸು ಬಂದು ಉಷಾಗೆ ಹೇಳಿದೆ. "ಅಪ್ಪಡಿಯಾ ಅತ್ತೆ?" ಹೌದಾ ಅಂತ ತಮಿಳಲ್ಲೇ ಅಂದು ಮತ್ತೆ ಟಿವಿ ಕಡೆ ತಿರುಗಿದಳು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾದರೆ ನಾನು ಬರೆದದ್ದು ಈ ಮನೆಯಲ್ಲಿ ಯಾರು ಓದುತ್ತಾರೆ? ಬೆಳ್ಳಿ ಲೋಟದಲ್ಲಿ ನೀರು ಕುಡಿದು ಮಲಗಿದೆ.

15 ಆಗಸ್ಟ್

ರಜೆ. ಎಲ್ಲರೂ ಮಹಾಬಲಿಪುರಕ್ಕೆ. ಚಿತ್ರಾನ್ನದ ಡಬ್ಬಿ ನನ್ನ ತೊಡೆ ಮೇಲೆ. ಶೋಳಿಂಗನಲ್ಲೂರ್ ದಾಟಿದ ಮೇಲೆ ಬಸ್ಸಿನ ಎರಡೂ ಕಡೆ ಏನೂ ಇಲ್ಲ. ಮರಳು, ಸರ್ವೆ ತೋಪು, ಮತ್ತೆ ಮರಳು. ಆಕಾಶ ನೆಲದ ತನಕ ಇಳಿದಿತ್ತು. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಖಾಲಿ ಇದೆ ಅಂತ ಗೊತ್ತೇ ಇರಲಿಲ್ಲ.

ಇಳಿದುಬಿಡಬೇಕು ಅನ್ನಿಸಿತು. ಸುಮ್ಮನೆ. ಡಬ್ಬಿ ಸೀಟಿನ ಮೇಲಿಟ್ಟು.

"ಅಕ್ಕ, ಡಬ್ಬಿ ಓರೆ ಆಗ್ತಿದೆ, ನೋಡು" ಅಂದ ಹರಿಹರ.

ಮೂವತ್ತೆಂಟು ವರ್ಷ. ಗಂಡು ನೋಡುವುದನ್ನು ಮನೆಯವರು ಯಾವಾಗ ನಿಲ್ಲಿಸಿದರು ಅಂತ ಅವರಿಗೆ ಯಾರಿಗೂ ನೆನಪಿಲ್ಲ. ನನಗಿದೆ. ಅದರ ನೋವು ಹೋಗಿದೆ. ಹೋಗದೆ ಇರುವುದು ಇದು — ಮನೆಯವರೆಲ್ಲ ನಿಂತು ಫೋಟೋ ತೆಗೆಯುವಾಗ ಕ್ಯಾಮೆರಾ ಯಾವಾಗಲೂ ನನ್ನ ಕೈಗೇ ಕೊಡುತ್ತಾರೆ.

23 ಆಗಸ್ಟ್

ಬೆಳಗಿನ ಜಾವವೇ ಕಾಸಿಮೇಡು, ಮೀನಿನ ಬಂದರು. ಮೀನು ಮಾರುವ ಹೆಂಗಸರಿಗೆ ಬ್ಯಾಂಕು ಸಾಲ ಕೊಡುತ್ತಿದೆ. ನಮ್ಮ ಫೀಲ್ಡ್ ಆಫೀಸರ್ ಪಂಢರಿನಾಥ ಧಾರವಾಡದವರು. ಹೆಂಗಸರ ಹತ್ತಿರ ಹೆಂಗಸೇ ಮಾತಾಡಿದರೆ ಚೆಂದ ಅಂತ ನನ್ನನ್ನು ಕರೆದರು. "ಬರ್ರಿ ಮೇಡಂ, ಮೂಗಿಗೆ ಕರ್ಚೀಪ್ ಮಾತ್ರ ತಗೊಂಡ್ ಬರ್ರಿ."

ಕರ್ಚೀಪು ಒಯ್ದಿದ್ದೆ, ತೆಗೆಯಲಿಲ್ಲ. ನಾಚಿಕೆ ಆಯಿತು. ಹರಾಜು ಮುಗಿದಿತ್ತು. ಐದಾರು ಹೆಂಗಸರು ಬುಟ್ಟಿ ಬೋರಲು ಹಾಕಿ ಸುತ್ತ ಕೂತಿದ್ದರು. ಅವರಲ್ಲಿ ಮುಂದಾಳು ಬೇಬಿ ಅಂತ, ನನ್ನದೇ ವಯಸ್ಸು, ದೊಡ್ಡ ಗಂಟಲು. ಒಂದು ಅಲ್ಯುಮಿನಿಯಂ ಲೋಟದಲ್ಲಿ ಟೀ. ಒಬ್ಬಳು ಎರಡು ಗುಟುಕು ಕುಡಿದು ಪಕ್ಕದವಳಿಗೆ. ಅವಳು ಇನ್ನೊಬ್ಬಳಿಗೆ. ಯಾರೋ ದೋಣಿಯಿಂದ ಬಿದ್ದ ಕಥೆ ಹೇಳುತ್ತಿದ್ದರು. ಲೋಟ ಸುತ್ತುತ್ತಿತ್ತು, ಕಥೆ ಸುತ್ತುತ್ತಿತ್ತು, ನಗು ಹೊಟ್ಟೆ ಹಿಡಿದುಕೊಳ್ಳುವಷ್ಟು.

ನನ್ನನ್ನು ನೋಡಿದರು. ಬೇಬಿ ಎದ್ದಳು. "ಮೇಡಂಗೆ ತನಿ ಗ್ಲಾಸ್!" ಅಂತ ಟೀ ಅಂಗಡಿ ಕಡೆ ಕೂಗಿದಳು. ಬೇರೆ ಗ್ಲಾಸು. ಬಿಸಿನೀರಲ್ಲಿ ತೊಳೆದ ಗಾಜಿನ ಗ್ಲಾಸು, ಕೆಳಗೆ ಸಾಸರ್ ಬೇರೆ. ಒಂದು ಸ್ಟೂಲು ಒರೆಸಿ ಹಾಕಿದರು. ನನ್ನ ಮೊದಲ ಯೋಚನೆ — ಸದ್ಯ, ಎಂಜಲು ತಪ್ಪಿತು. ಎರಡನೆಯದು — ಎಷ್ಟು ಗೌರವ.

ಟೀ ಕುಡಿದು, "ದೋಣಿಯಿಂದ ಬಿದ್ದವನು ಯಾರು?" ಅಂತ ತಮಿಳಲ್ಲಿ ಕೇಳಿದೆ.

"ಒಣ್ಣುಮಿಲ್ಲೆ ಮೇಡಂ" ಅಂದಳು ಬೇಬಿ. ಏನೂ ಇಲ್ಲ ಮೇಡಂ. ಎಲ್ಲರೂ ಸೆರಗಲ್ಲಿ ಬಾಯಿ ಒರೆಸಿಕೊಂಡು ಸರಿಯಾಗಿ ಕೂತರು. ಮುಂದೆ ಬರೀ ಸಾಲದ ಮಾತು.

ಬಸ್ಸಲ್ಲಿ ಬರುವಾಗ ನಾನು ತೊಮಾಸಾಳಿಗೆ ಬರೆದ ಲೋಟದ ಸಾಲು ಹೇಳಿಕೊಂಡೆ, ಎರಡು ಸಲ. 

24 ಆಗಸ್ಟ್. ಬೆಳಿಗ್ಗೆ 5

ಏಳನೇ ಅಧ್ಯಾಯ ಮತ್ತೆ ತೆಗೆದೆ. ಮೂಲದಲ್ಲಿ ಹೀಗಿದೆ: ಬೆಂಕಿ ಪಕ್ಕ ಕೂತಿದ್ದ ಮುದುಕ ಕೊಳವೆಯನ್ನು ಒರೆಸದೆ ಅವಳಿಗೆ ಕೊಟ್ಟ. ಯಾರೂ ಏನೂ ಅನ್ನಲಿಲ್ಲ. ಮಾತು ನಿಂತಿರಲಿಲ್ಲ, ಹಾಗೇ ನಡೆದಿತ್ತು.

ಒರೆಸದೆ. ಆ ಪದವನ್ನು ನಾನು ಮೂರು ಸಲ ಓದಿದ್ದೆ. ಓದಿ, ಒರೆಸಿ ಹಾಕಿದ್ದೆ.

ಅಷ್ಟು ದೂರ ಬಂದು, ಹೊಳೆಗೆ ಇಳಿದು, ಕೈ ಕೊಯ್ದುಕೊಂಡು ಅವಳು ಪಡೆದದ್ದು ಅದೊಂದೇ. ನೀನೂ ನಮ್ಮ ಪೈಕಿ ಅನ್ನುವುದು. ನಾನೇನು ಮಾಡಿದೆ? ಬೇರೆ ಲೋಟ ತೊಳೆದು ಕೊಟ್ಟು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಸಾಸರ್ ಒಂದು ಕಡಿಮೆ. ಸಂಘದವರೆಲ್ಲ ಚಪ್ಪಾಳೆ ತಟ್ಟಿದರು. ತಟ್ಟದೆ ಏನು, ಅವರ ಮನೆಯ ಲೋಟಗಳ ಮೇಲೂ ಹೆಸರು ಕೊರೆದಿದೆ.

ಎದ್ದು ಹೋಗಿ ಗೂಡಿನಲ್ಲಿದ್ದ ನನ್ನ ಲೋಟ ನೋಡಿದೆ. ಹದಿನೈದು ವರ್ಷ ಮರ್ಯಾದೆ ಅಂದುಕೊಂಡಿದ್ದೆ. ಒಳಗಿನ ಕಪಾಟಿನಲ್ಲಿ ಉಳಿದ ಲೋಟಗಳೆಲ್ಲ ಒಂದರೊಳಗೊಂದು ಕೂತಿದ್ದವು. ಯಾರದು ಯಾವುದು ಅಂತ ಅವರಿಗೇ ಗೊತ್ತಿಲ್ಲ. ಅಳು ಬಂತು. ಹೌದು, ಅತ್ತುಬಿಟ್ಟೆ. ಬಕೆಟ್ಟಿಗೆ ನೀರು ಬೀಳುವ ಸದ್ದಲ್ಲಿ ಯಾರಿಗೂ ಕೇಳಿಸಲಿಲ್ಲ.

6 ಸೆಪ್ಟೆಂಬರ್

ಮತ್ತೆ ಕಾಸಿಮೇಡು. ಈ ಸಲ ನಾನೇ ಹೋಗುತ್ತೇನೆ ಅಂದೆ. ಸ್ಟೂಲು ಹಾಕಿದರು, ಕೂರಲಿಲ್ಲ. ಬುಟ್ಟಿ ಮೇಲೆ ಕೂತೆ. ಲೋಟ ಸುತ್ತುತ್ತಿತ್ತು. ಧೈರ್ಯ ಮಾಡಿ ಕೈ ಚಾಚಿದೆ. "ನನಗೂ ಅದೇ ಕೊಡಿ ಬೇಬಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ಐಯಯ್ಯೋ! ಎಚ್ಚಿಲ್ ಮೇಡಂ, ಎಚ್ಚಿಲ್!" ಬೇಬಿ ಲೋಟವನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಎಂಜಲು. ಬೇರೆ ಗ್ಲಾಸು ಬಂತು. ಸಾಸರ್ ಬಂತು. ಪಾಪ, ಜೊತೆಗೆ ಒಂದು ಬನ್ನೂ ತರಿಸಿದಳು. ತನ್ನಿಂದ ಏನೋ ತಪ್ಪಾಗಿದೆ ಅಂತ ಅವಳಿಗೆ ಹೆದರಿಕೆ.

ಪೆಚ್ಚಾಗಿ ಬಂದೆ. ತೊಮಾಸಾ ಕೇಳಿರಲಿಲ್ಲವಲ್ಲ. ಒಂದು ಕಡೆಯೂ ಕೇಳುವುದಿಲ್ಲ. ಅವರ ಜೊತೆ ನೆನೆದಳು, ಅವರ ಜೊತೆ ಕಾವಲು ಕೂತಳು, ಬುರುಡೆ ತಾನಾಗಿ ಬಂತು. ನಾನು ಬಸ್ಸಿಳಿದು ಒಂದು ಗಂಟೆ ಕೂತು, ಬಸ್ಸು ಹತ್ತುವವಳು. ನನಗೆ ಸಾಸರ್ ಸರಿ.

24 ಸೆಪ್ಟೆಂಬರ್

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನುವ ಭಯ.

ಈ ದಿನಗಳಲ್ಲಿ ಅಡುಗೆ ಮಾಡಿದೆ, ಬ್ಯಾಂಕಿಗೆ ಹೋದೆ, ನವರಾತ್ರಿಗೆ ಗೊಂಬೆ ಇಳಿಸಿಕೊಟ್ಟೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಹೋದರೆ ಏನಿದೆ ಅಲ್ಲಿ? ಬಿಸಿಲು, ಜಾಲಿ ಮುಳ್ಳು, ಗೊತ್ತಿಲ್ಲದ ಜನ. ಇಲ್ಲಿ ಏನಿದೆ? ಗೊತ್ತಿರುವ ಜನ.

ಹರಿಹರ ಇವತ್ತು ಹೇಳಿದ, "ಮ್ಯಾನೇಜರ್ ಹತ್ರ ಮಾತಾಡಿದೆ ಅಕ್ಕ. ನೀನು ಸೈನ್ ಮಾಡಿದ್ರೆ ಆಯ್ತು." ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಎಷ್ಟು ಸುಲಭ ಆಗುತ್ತಿತ್ತು.

25 ಸೆಪ್ಟೆಂಬರ್. ಮಧ್ಯಾಹ್ನ, ಬ್ಯಾಂಕು

ಮ್ಯಾನೇಜರ್ ಕಾಗದ ಮುಂದಿಟ್ಟು ಪೆನ್ನು ತೆರೆದು ಕೊಟ್ಟರು. ಹೊಡೆದುಹಾಕಬೇಕಾದದ್ದು ಎರಡರಲ್ಲಿ ಒಂದು. ಒಪ್ಪಿದೆ, ಒಪ್ಪಿಲ್ಲ.

"ಮೇಡಂ, ತಪ್ಪಾದದ್ದನ್ನು ಹೊಡೆದಿದ್ದೀರಿ" ಅಂದರು.

"ಇಲ್ಲ ಸಾರ್" ಅಂದೆ.



25 ಸೆಪ್ಟೆಂಬರ್. ಸಂಜೆ

ಹೇಳಿದೆ. ಗೊಂಬೆ ಮುಂದೆ ದೀಪ ಹಚ್ಚಿದ್ದರು. ಹರಿಹರ ಒಂದು ದೀಪದ ಬತ್ತಿ ಸರಿಮಾಡಿದ. ಆಮೇಲೆ ಬಾಯಿ ಬಿಟ್ಟ.

"ಹಾಗಾದ್ರೆ... ಮನೆ ಯಾರು ನೋಡ್ಕೋತಾರೆ?"

 ಪುಸ್ತಕ ಇವನು ಓದಿಲ್ಲ. ತೊಮಾಸಾಳ ಗಂಡನದೇ ಮಾತು. ಅರ್ಜೆಂಟೀನಾದಿಂದ ಟಿ. ನಗರಕ್ಕೆ ಬರಲು ನೂರು ವರ್ಷ ತೆಗೆದುಕೊಂಡಿದೆ ಅಷ್ಟೆ.

ಕಲಾವತಿ ಅತ್ತಳು. ಅಮ್ಮ ಎದ್ದು ನಿಂತಳು. "ಊರಿಗೇ ಒಂದು ದಾರಿ ಆದ್ರೆ ಎಡವಟ್ಟಂಗೇ ಒಂದು ದಾರಿ. ಒಂಟಿ ಹೆಂಗಸು, ನೀರಿಲ್ಲದ ಊರಿಗೆ ಹೋಗಿ ಏನು ಸಾಧಿಸ್ಬೇಕೇ ಜಲಜಾ? ಇಲ್ಲಿ ನಿಂಗೆ ಏನು ಕಮ್ಮಿ ಮಾಡಿದೀವಿ? ಮಹಾರಾಣಿ ಹಾಗೆ ಬೆಳ್ಳಿ ಲೋಟ ಕೊಟ್ಟು ಇಟ್ಕೊಂಡಿದೀನಿ."

"ಅದಕ್ಕೇ ಅಮ್ಮ" ಅಂದೆ. ಅವಳಿಗೆ ತಿಳಿಯಲಿಲ್ಲ. ತಿಳಿಸಿ ಹೇಳುವುದಕ್ಕೆ ನನಗೆ ಬರಲಿಲ್ಲ.

3 ಅಕ್ಟೋಬರ್

ಅಮ್ಮ ಮಾತು ಬಿಟ್ಟಿದ್ದಾಳೆ. ಬೇಕಾದ್ದನ್ನು ಗೋಡೆಗೆ ಹೇಳುತ್ತಾಳೆ. "ಮೊಸರು ಬೇಕಿದ್ದವರು ಹಾಕ್ಕೊಳ್ಳಬಹುದು." ಗೋಡೆ ನಾನು. ಹಾಕಿಕೊಂಡೆ.

ಹೇಳಿದ ಮೇಲೆ ಹಗುರ ಆಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಇಷ್ಟು ಒಂಟಿ ಯಾವತ್ತೂ ಆಗಿರಲಿಲ್ಲ. ಹೊರಡುವ ಮೊದಲಿನ ದಿನಗಳ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ತೊಮಾಸಾ ಜೀನು ಬಿಗಿದಳು, ಹೋದಳು. ಅವಳ ಅತ್ತೆ ಎದ್ದ ಮೇಲೆ ಏನಾಯಿತು?

9 ಅಕ್ಟೋಬರ್

ವಿಶ್ವನಾಥ ಅವರ ಮನೆಗೆ ಹೋದೆ. ಸಂಚಿಕೆ ಪ್ರೆಸ್ಸಿಗೆ ಹೋಗುವ ಮುಂಚೆ ತಿದ್ದಬೇಕು, ಆ ಲೋಟ ನನ್ನ ತಪ್ಪು ಅಂದೆ. ತಿದ್ದಿದ್ದನ್ನು ಕೊಟ್ಟೆ. ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಹತ್ತು ಗಂಡಸರ ಎಂಜಲನ್ನ ಹೆಂಗಸು ಕುಡಿಯೋದು... ನಮ್ಮೋರು ಹೇಗಮ್ಮ ಓದ್ತಾರೆ? ಮೊದಲಿದ್ದದ್ದೇ ಎಷ್ಟು ಚೆನ್ನಾಗಿತ್ತು!"

"ಅದು ಚೆನ್ನಾಗಿತ್ತು ಸಾರ್. ಅವಳ ಕಥೆ ಆಗಿರಲಿಲ್ಲ."

"ಒಂದು ಲೋಟದಲ್ಲಿ ಏನಿದೆ, ಬಿಡಿ."

"ಹಾಗಾದ್ರೆ ಹಾಕಲೇಬೇಡಿ."

ಹಾಕುತ್ತಿಲ್ಲ. ಆ ಪುಟಗಳಿಗೆ ಸೀರೆ ಅಂಗಡಿಯ ಜಾಹೀರಾತು ಬಂದಿದೆಯಂತೆ. ಅಚ್ಚಲ್ಲಿ ನನ್ನ ಹೆಸರು ನೋಡುವ ಆಸೆ ನಿಜವಾಗಿಯೂ ಇತ್ತು. ದಾರಿಯಲ್ಲಿ ಪಾನಗಲ್ ಪಾರ್ಕಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

14 ಅಕ್ಟೋಬರ್. ಎಗ್ಮೋರ್, ರೈಲಿನಲ್ಲಿ

ಜಾಗ ಸಿಕ್ಕಿದೆ, ಕಿಟಕಿ ಪಕ್ಕ. ಹರಿಹರ ಬಂದು ಟ್ರಂಕು ಇಟ್ಟು, ನೀರಿನ ಕೂಜಾ ತುಂಬಿಸಿಕೊಟ್ಟು ಹೋದ. ಕೈ ಹಿಡಿದುಕೊಂಡ. "ಆಗದಿದ್ರೆ ಬಂದ್ಬಿಡು ಅಕ್ಕ" ಅಂದ. ಅವನ ಕಣ್ಣು ನೋಡಲಾಗಲಿಲ್ಲ.

ಹೊರಡುವ ಹೊತ್ತಿಗೆ ಅಮ್ಮ ಹತ್ತೊಂಬತ್ತು ದಿನಗಳ ಮೌನ ಮುರಿದಳು. ಬೆಳ್ಳಿ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. "ಇದನ್ನ ತೊಗೊಂಡು ಹೋಗು. ಅಲ್ಲಿ ಯಾರ್ಯಾರ ಎಂಜಲೋ." ಅವಳಿಗೆ ಗೊತ್ತಿರುವ ಪ್ರೀತಿ ಅದೊಂದೇ. ಅದು ನನಗೂ ಗೊತ್ತು. ತೆಗೆದುಕೊಂಡು ಒಳಗಿನ ಕಪಾಟಿಗೆ ಹೋಗಿ, ಉಳಿದ ಲೋಟಗಳ ಸಾಲಿನಲ್ಲಿ ಇಟ್ಟೆ. ಅಡುಗೆಮನೆಯಲ್ಲಿ ನಾನು ಮಡಿಯಲ್ಲಿರಲಿಲ್ಲ, ಚಪ್ಪಲಿ ಕಳಚಿದ್ದೆ ಅಷ್ಟೆ. ಅಮ್ಮ ನೋಡುತ್ತ ನಿಂತಿದ್ದಳು. ಬೈಯಲಿಲ್ಲ. "ಜೋಪಾನ" ಅಂದಳು.

ಉಷಾ ಗೇಟಿನ ತನಕ ಬಂದಳು. "ಅತ್ತೆ, ಆ ಕುದುರೆ ಕಥೆ... ನಂಗೆ ಓದಕ್ಕೆ ಬರಲ್ಲ. ನೀ ಬಂದಾಗ ಹೇಳ್ತೀಯಾ?"

ಕನ್ನಡದಲ್ಲಿ ಕೇಳಿದಳು. ಇಷ್ಟು ದಿನ ಏನು ಮಾಡುತ್ತಿದ್ದೆಯೇ ಹುಡುಗಿ.

20 ಅಕ್ಟೋಬರ್, ದೀಪಾವಳಿ. ಮುದುಕುಳತ್ತೂರ್

ಬಯಲು. ನಿಜವಾಗಿಯೂ ಬಯಲು. ತಾಳೆಮರ, ಜಾಲಿ, ಆಕಾಶ. ಒಬ್ಬ ಟೀಚರ್ ಮನೆಯ ಹಿಂದಿನ ಕೋಣೆ. ಎಣ್ಣೆನೀರು ಹಾಕಿಕೊಂಡೆ, ಅರ್ಧ ಬಕೆಟ್ಟಿನಲ್ಲಿ. ಬೆನ್ನಿಗೆ ಎಣ್ಣೆ ಹಚ್ಚುವವರಿಲ್ಲ. ಅಲ್ಲಿ ಈಗ ಉಷಾ ಪಟಾಕಿಗೆ ಜಗಳ ಆಡುತ್ತಿರಬಹುದು.

ಬ್ಯಾಂಕಿನಲ್ಲಿ ಮೊದಲ ದಿನವೇ ಪ್ಯೂನು ಹೊಸ ಸ್ಟೀಲ್ ಲೋಟ ತಂದಿಟ್ಟ. ಆಫೀಸರಮ್ಮನಿಗೆ ಅಂತ. ಮುಚ್ಚಳ ಬೇರೆ. ನಗಬೇಕೋ ಅಳಬೇಕೋ.

ಮರಳಿ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಕಷ್ಟ.

26 ನವೆಂಬರ್. ಮಧ್ಯಾಹ್ನ, ಯಾವುದೋ ಊರಿನ ಶಾಲೆ ಜಗಲಿ

ನೀರಿಲ್ಲದ ಕಾಡು! ಬಂದು ನೋಡಬೇಕು ಕಲಾವತಿ. ಮೂರು ದಿನದಿಂದ ಮಳೆ. ಪರಮಕ್ಕುಡಿಯಿಂದ ಬರುತ್ತಿದ್ದ ಬಸ್ಸು ಹಳ್ಳ ದಾಟುವ ನೆಲಸೇತುವೆ ಮೇಲೆ ನಿಂತುಬಿಟ್ಟಿತು. ನೀರು ಒಳಗೇ ಬಂತು. ಬಸ್ಸಿನ ತುಂಬ ಇದ್ದಿಲು ಸುಟ್ಟು ಮಾರುವ ಹೆಂಗಸರು, ಮೇಲೆ ಅವರ ಮೂಟೆಗಳು. ಇಳಿಸದಿದ್ದರೆ ಒಂದು ತಿಂಗಳ ಕೆಲಸ ನೀರುಪಾಲು. ಗಂಡಸರು ದಡ ಸೇರಿ ಬೀಡಿ ಹಚ್ಚಿದರು.

ಮೂಟೆ ಹಿಡಿ ಅಂತ ಯಾರೂ ಹೇಳಲಿಲ್ಲ. ನನ್ನ ಮುಂದೆ ಒಬ್ಬಳು ನಿಂತಿದ್ದಳು, ಹಿಂದೆ ಒಬ್ಬಳು. ನಡುವೆ ಕೈ ಬೇಕಿತ್ತು. ಕೊಟ್ಟೆ. ಸೊಂಟದ ತನಕ ನೀರು, ಕಾಲ ಕೆಳಗೆ ನೆಲ ಜಾರುತ್ತಿತ್ತು. ಒಂದು ಸಲ ಮುಳುಗಿದೆ. ಹಿಂದಿನವಳು ಜಡೆ ಹಿಡಿದು ಎಳೆದಳು, ಬೈದಳು, "ಕಾಲೂರಿ ನಿಲ್ಲು, ಎಮ್ಮೆ!" ಅನ್ನುವ ಅರ್ಥದಲ್ಲಿ. ಮೇಡಂ ಅನ್ನಲಿಲ್ಲ. ಎಲ್ಲ ಮೂಟೆ ಬಂತು, ಎರಡು ಬಿಟ್ಟು.

ಈಗ ಜಗಲಿ ಮೇಲೆ ಸಾಲಾಗಿ ಕೂತಿದ್ದೇವೆ. ಎಲ್ಲರೂ ಕರಿ. ಕೈ ಮಸಿ, ಈ ಪುಟವೂ ಮಸಿ. ಮೂಟೆಗಳ ಜೊತೆ ನನ್ನ ಬ್ಯಾಗೂ ಕೈಯಿಂದ ಕೈಗೆ ದಡ ಸೇರಿದ್ದರಿಂದ ಡೈರಿ ಉಳಿಯಿತು. ಪಕ್ಕದವಳ ಹೆಸರು ನಾನು ಕೇಳಿಲ್ಲ, ನನ್ನದು ಅವಳು ಕೇಳಿಲ್ಲ. ಬ್ಯಾಂಕಿನವಳು ಅಂತ ಯಾರಿಗೂ ಗೊತ್ತಿಲ್ಲ. ಚಳಿಗೆ ಹಲ್ಲು ಕಟಕಟ. ಆ ಎರಡು ಮೂಟೆ ಯಾರದು ಅಂತ ಜಗಳ ನಡೆದಿದೆ, ನಡುನಡುವೆ ನಗು. ನನ್ನ ಮುಳುಗಿನದೇ ಕಥೆ ಆಗಿದೆ, ನನ್ನ ಮುಂದೆಯೇ ಆಡಿ ತೋರಿಸುತ್ತಿದ್ದಾರೆ.

ಎದುರು ಮನೆಯಿಂದ ಯಾರೋ ಟೀ ತಂದರು. ಒಂದು ಪಾತ್ರೆ, ಒಂದೇ ಲೋಟ. ಆ ತುದಿಯಿಂದ ಬರುತ್ತಿದೆ. ಯಾರಾದರೂ ಎದ್ದು ಇನ್ನೊಂದು ಲೋಟ ತರಲು ಹೋಗುತ್ತಾರೋ ಅಂತ ನೋಡುತ್ತಿದ್ದೇನೆ. ಯಾರೂ ಏಳಲಿಲ್ಲ. ಪಕ್ಕದವಳು ಕುಡಿದಳು. ಮಾತು ನಿಲ್ಲಿಸದೆ, ನನ್ನ ಕಡೆ ನೋಡದೆ, ಅಂಚು ಒರೆಸದೆ ಲೋಟ ನನ್ನತ್ತ ಚಾಚಿ —